ಗೆದ್ದವರು ನಿಲ್ಲಿಸಿದ ಸಂತರು

1890ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಬೊಹೀಮಿಯದಲ್ಲಿ ಮಳೆ ಬಿಡದೆ ಹೊಡೆಯಿತು. ಪ್ರಾಗ್ ನಗರದ ನಡುವೆ ಹರಿಯುವ ವಲ್ಟಾವ ನದಿ ಉಕ್ಕಿ ಬಂತು. ಮೇಲಿನಿಂದ ತೇಲಿ ಬಂದ ಮರದ ದಿಮ್ಮಿಗಳು ಹಳೆಯ ಕಲ್ಲು ಸೇತುವೆಯ ಕಮಾನುಗಳಿಗೆ ಸಿಕ್ಕಿ ಅಡ್ಡಬಿದ್ದವು. ಒಂದರ ಹಿಂದೊಂದು ಬಂದು ಸೇರಿದ ದಿಮ್ಮಿಗಳು ಹೊಳೆಗೇ ಕಟ್ಟೆ ಹಾಕಿದವು. ಸೆಪ್ಟೆಂಬರ್ 4ರಂದು ಸೇತುವೆ ಸೋತಿತು. ಹದಿನಾರು ಕಮಾನುಗಳಲ್ಲಿ ಮೂರು ಕುಸಿದವು, ಎರಡು ಕಂಬಗಳು ಜಖಂಗೊಂಡವು. ಅವುಗಳ ಮೇಲೆ ಎದುರುಬದುರಾಗಿ ನಿಂತಿದ್ದ ಇಬ್ಬರು ಸಂತರೂ ನೀರುಪಾಲಾದರು. ಒಬ್ಬ ಇಗ್ನೇಷಿಯಸ್ ಲೊಯೋಲ, ಜೆಸ್ಯುಟ್ ಸಂಘವನ್ನು ಕಟ್ಟಿದವನು. ಇನ್ನೊಬ್ಬ ಅವನ ಜೊತೆಗಾರ ಫ್ರಾನ್ಸಿಸ್ ಝೇವಿಯರ್.

ಮೂವತ್ತು ಮೂರ್ತಿಗಳ ಸಾಲಿನಲ್ಲಿ ಹೊಳೆ ಆರಿಸಿಕೊಂಡದ್ದು ಜೆಸ್ಯುಟರನ್ನೇ. ಇದು ಬರೀ ಕಾಕತಾಳೀಯ. ನೀರಿಗೆ ಪಂಥ ಪಕ್ಷಗಳಿಲ್ಲ. ಆದರೆ ಮುಂದೆ ಯಾರನ್ನು ಮತ್ತೆ ನಿಲ್ಲಿಸಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸಿದವರು ಮನುಷ್ಯರು. ಆ ತೀರ್ಮಾನದ ಹಿಂದೆ ಪ್ರಾಗ್ ನಗರದ ಮುನ್ನೂರು ವರ್ಷಗಳ ಜಗಳವೇ ಇತ್ತು.

ಮುಳುಗಿದ ಇಬ್ಬರಲ್ಲಿ ಝೇವಿಯರ್ ಕನ್ನಡ ನಾಡಿಗೆ ಅಪರಿಚಿತನಲ್ಲ. 1506ರಲ್ಲಿ ನವಾರ್ ಸೀಮೆಯಲ್ಲಿ ಹುಟ್ಟಿದ ಈತ 1542ರ ಮೇ 6ರಂದು ಗೋವೆಯಲ್ಲಿ ಹಡಗಿನಿಂದಿಳಿದ. ಹತ್ತು ವರ್ಷ ಪೂರ್ವದ ಸಮುದ್ರಗಳಲ್ಲೆಲ್ಲ ಓಡಾಡಿ, 1552ರ ಡಿಸೆಂಬರಿನಲ್ಲಿ ಚೀನದ ಅಂಚಿನ ಒಂದು ದ್ವೀಪದಲ್ಲಿ ತೀರಿಕೊಂಡ. ದೇಹ ಮಾತ್ರ ಗೋವೆಗೇ ಮರಳಿತು. ಇಂದಿಗೂ ಹತ್ತು ವರ್ಷಕ್ಕೊಮ್ಮೆ ಹಳೆ ಗೋವೆಯಲ್ಲಿ ಅದರ ಬಹಿರಂಗ ದರ್ಶನ ನಡೆಯುತ್ತದೆ. ಕಳೆದ ಸಲ 2024ರ ನವೆಂಬರಿನಲ್ಲಿ ಶುರುವಾಗಿ 2025ರ ಜನವರಿಯವರೆಗೂ ನಡೆಯಿತು. ಆದರೆ ಇದೇ ಸಂತ 1546ರಲ್ಲಿ ಪೋರ್ಚುಗಲ್ ದೊರೆಗೆ ಪತ್ರ ಬರೆದು, ಗೋವೆಗೊಂದು ಇನ್‌ಕ್ವಿಸಿಷನ್ ಬೇಕೆಂದು ಕೇಳಿದ್ದ. ಆ ಧರ್ಮವಿಚಾರಣೆಯ ಪೀಠ 1560ರಲ್ಲಿ ಬಂದೇ ಬಂತು. ಅದರ ಭಯಕ್ಕೆ, ಬರ ಮತ್ತು ಯುದ್ಧಗಳ ಕಾಟಕ್ಕೆ ಹಿಂದೂಗಳೂ ಕ್ರೈಸ್ತರೂ ತಂಡತಂಡವಾಗಿ ದಕ್ಷಿಣಕ್ಕೆ, ಕನ್ನಡ ಕರಾವಳಿಗೆ ಇಳಿದರು. ಕಾರವಾರದಿಂದ ಮಂಗಳೂರಿನವರೆಗೆ ಕೊಂಕಣಿ ಮಾತಾಡುವ ಎಷ್ಟೋ ಮನೆತನಗಳ ಕತೆ ಅಲ್ಲಿಂದ ಶುರುವಾಗುತ್ತದೆ.

ಪ್ರಾಗ್ ಸೇತುವೆಯ ಮೇಲಿನ ಝೇವಿಯರನನ್ನು 1711ರಲ್ಲಿ ಕಡೆದವನು ಫರ್ಡಿನಾಂಡ್ ಮ್ಯಾಕ್ಸಿಮಿಲಿಯನ್ ಬ್ರೊಕಾಫ್. ಆಗ ಅವನಿಗೆ ಇಪ್ಪತ್ಮೂರರ ಆಸುಪಾಸು. ಸಂತ ಎತ್ತರದಲ್ಲಿ ನಿಂತು ಶಿಲುಬೆ ಎತ್ತಿದ್ದಾನೆ. ಮುಂದೆ ಒಬ್ಬ ಅನ್ಯದೇಶದ ರಾಜಕುಮಾರ ದೀಕ್ಷಾಸ್ನಾನಕ್ಕೆ ಮೊಣಕಾಲೂರಿದ್ದಾನೆ. ಕೆಳಗೆ ಪೀಠಕ್ಕೆ ಹೆಗಲು ಕೊಟ್ಟು ಭಾರ ಹೊತ್ತವರು ಏಷ್ಯ, ಆಫ್ರಿಕಗಳ ಜನ. ಅವರಲ್ಲಿ ಭಾರತೀಯನೂ ಇದ್ದಾನೆಂದು ಪ್ರಾಗ್‌ನವರು ತೋರಿಸುತ್ತಾರೆ. ಶಿಲ್ಪಿ ಭಾರತವನ್ನು ಕಂಡವನಲ್ಲ, ಭಾರತೀಯನನ್ನು ಕಂಡಿದ್ದ ಸಂಭವವೂ ಕಡಿಮೆ. ಜೆಸ್ಯುಟರು ಅಚ್ಚು ಹಾಕಿಸಿ ಹಂಚುತ್ತಿದ್ದ ಪತ್ರಗಳು, ಚಿತ್ರಗಳು ಅವನ ಕಾಲದ ಯೂರೋಪಿಗೆ ಪೂರ್ವದೇಶಗಳನ್ನು ತೋರಿಸುತ್ತಿದ್ದವು. ಹೀಗೆ ಊಹೆಯಲ್ಲಿ ಹುಟ್ಟಿದ ಒಬ್ಬ ಭಾರತೀಯ ಮಧ್ಯ ಯೂರೋಪಿನ ಒಂದು ಹೊಳೆಯ ಮೇಲೆ ಸಂತನ ಭಾರ ಹೊತ್ತು ನಿಂತ.

ವಿಚಿತ್ರವೆಂದರೆ, ನಿಜವಾದ ಕನ್ನಡ ನಾಡಿನಲ್ಲಿ ಜೆಸ್ಯುಟರ ಭಂಗಿ ಇದಕ್ಕೆ ತೀರ ಉಲ್ಟಾ. 1648ರ ಹೊತ್ತಿಗೆ ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಶುರುಮಾಡಿದ. ರಣಧೀರ ಕಂಠೀರವ ನರಸರಾಜ ಒಡೆಯರ ಕಾಲ ಅದು. ಚಿನ್ನಾಮಿ ಕಾವಿ ಉಟ್ಟ, ಸಂನ್ಯಾಸಿಯ ನೇಮ ಹಿಡಿದ, ಕನ್ನಡ ಕಲಿತು ಅದರ ವ್ಯಾಕರಣ ಬರೆದ. ಅರಮನೆಯ ದಯೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂಬ ಸ್ಥಿತಿ. ಅದೇ ದಶಕಗಳಲ್ಲಿ ಪ್ರಾಗ್‌ನಲ್ಲಿ ಅದೇ ಸಂಘದವರು ಸೇತುವೆಯ ಪೂರ್ವ ತುದಿಗೆ ಕ್ಲೆಮೆಂಟಿನಮ್ ಎಂಬ ಭಾರೀ ಕಾಲೇಜು ಕಟ್ಟಿಸುತ್ತಿದ್ದರು. ನಗರದ ವಿಶ್ವವಿದ್ಯಾಲಯ 1654ರಿಂದ ಅವರ ಕೈಯಲ್ಲಿತ್ತು. ಕಾವೇರಿ ತೀರದಲ್ಲಿ ಬೇಡುವವರು, ವಲ್ಟಾವ ತೀರದಲ್ಲಿ ಆಳುವವರು. ಝೇವಿಯರ್ ಮೂರ್ತಿಯ ಖರ್ಚು ಕೊಟ್ಟದ್ದು ಅದೇ ವಿಶ್ವವಿದ್ಯಾಲಯದ ದೇವಶಾಸ್ತ್ರ ಮತ್ತು ತತ್ತ್ವಶಾಸ್ತ್ರ ವಿಭಾಗಗಳು.

ಸೇತುವೆಗೆ ಈ ಮೂರ್ತಿಗಳು ಹುಟ್ಟಿನಿಂದ ಬಂದವಲ್ಲ. ಅಲ್ಲಿ ಮೊದಲು ಜೂಡಿತ್ ರಾಣಿಯ ಹೆಸರಿನ ಸೇತುವೆ ಇತ್ತು. 1342ರ ನೆರೆಗೆ ಅದು ಹೋಯಿತು. ನಾಲ್ಕನೇ ಚಾರ್ಲ್ಸ್ ದೊರೆ 1357ರಲ್ಲಿ ಹೊಸದಕ್ಕೆ ಅಡಿಗಲ್ಲು ಹಾಕಿದ. ಜುಲೈ 9ರ ಬೆಳಗಿನ 5 ಗಂಟೆ 31 ನಿಮಿಷಕ್ಕೆ ಮುಹೂರ್ತ ಎನ್ನುತ್ತಾರೆ: 1357, 9, 7, 5, 31. ಬೆಸ ಅಂಕಿಗಳು 1ರಿಂದ 9ಕ್ಕೆ ಏರಿ ಮತ್ತೆ 1ಕ್ಕೆ ಇಳಿಯುವ ಈ ಲೆಕ್ಕ ಎಷ್ಟು ಚೆಂದವಿದೆಯೆಂದರೆ, ನಂಬುವುದಕ್ಕೇ ಹಿಂಜರಿಕೆಯಾಗುತ್ತದೆ. ಆದರೆ ಪಂಚಾಂಗ ನೋಡದೆ ಗುದ್ದಲಿಪೂಜೆ ಮಾಡದ ನಾಡಿನವರು ಇದಕ್ಕೆ ನಗುವ ಹಾಗಿಲ್ಲ. ಗಾರೆಗೆ ಕೋಳಿಮೊಟ್ಟೆ ಕಲಸಿದರಂತೆ, ಮೊಟ್ಟೆ ಕಳಿಸಿ ಎಂದರೆ ವೆಲ್ವಾರಿ ಎಂಬ ಊರಿನವರು ದಾರಿಯಲ್ಲಿ ಒಡೆಯಬಾರದೆಂದು ಬೇಯಿಸಿ ಕಳಿಸಿದರಂತೆ ಎಂಬ ಕತೆಯೂ ಇದೆ. ಮುಗಿಯಲು ಸುಮಾರು ಅರ್ಧ ಶತಮಾನ ಹಿಡಿಯಿತು. 516 ಮೀಟರ್ ಉದ್ದ, ಹತ್ತು ಮೀಟರಿಗೆ ಕೊಂಚ ಕಡಿಮೆ ಅಗಲ, ಪೂರ್ತಿ ಮರಳುಗಲ್ಲು. ಜನ ಅದನ್ನು ಕಲ್ಲು ಸೇತುವೆ ಎಂದೇ ಕರೆದರು. ದೊರೆಯ ಹೆಸರು ಅಂಟಿದ್ದು 1870ರಲ್ಲಿ.

ಮುನ್ನೂರು ವರ್ಷ ಅದು ಬೋಳು ಸೇತುವೆ. ಇದ್ದದ್ದು ಒಂದು ಶಿಲುಬೆ ಮಾತ್ರ. ಶ್ರೀರಂಗಪಟ್ಟಣದಲ್ಲಿ 1804ರಲ್ಲಿ ದಿವಾನ್ ಪೂರ್ಣಯ್ಯ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯನ್ನು ನೋಡಿದವರಿಗೆ ಆ ಬೋಳುತನ ಊಹೆಗೆ ಸಿಗುತ್ತದೆ. ಸಾಲಾಗಿ ಕಲ್ಲುಕಂಬ, ಮೇಲೆ ದಾರಿ, ಆಚೀಚೆ ಕಾವೇರಿ, ಅಷ್ಟೇ. ದೇವರಿಗೆ ದೇವಸ್ಥಾನವಿದೆ, ಸೇತುವೆ ಇರುವುದು ಗಾಡಿಗಳಿಗೆ ಎಂಬ ನೇರ ಬುದ್ಧಿ.

ಪ್ರಾಗ್ ಸೇತುವೆಗೆ ಮೊದಲು ಬಂದ ಮುಖಗಳು ಕಲ್ಲಿನವಲ್ಲ.

1620ರ ನವೆಂಬರ್ 8ರಂದು ನಗರದ ಹೊರಗಿನ ಬಿಳಿ ಗುಡ್ಡದ ಮೇಲೆ ಬೊಹೀಮಿಯದ ಪ್ರಾಟೆಸ್ಟಂಟ್ ಪಡೆ ಕ್ಯಾಥೊಲಿಕ್ ಹ್ಯಾಬ್ಸ್‌ಬರ್ಗ್ ಸೇನೆಯೆದುರು ಒಂದೆರಡು ಗಂಟೆಗಳಲ್ಲಿ ಸೋತುಹೋಯಿತು. ಮರುವರ್ಷ ಜೂನ್ 21ರಂದು ಹಳೇ ಪೇಟೆಯ ಚೌಕದಲ್ಲಿ ಬಂಡಾಯದ 27 ಮುಂದಾಳುಗಳಿಗೆ ಮರಣದಂಡನೆಯಾಯಿತು. ಹನ್ನೆರಡು ತಲೆಗಳನ್ನು ಸೇತುವೆಯ ಗೋಪುರಕ್ಕೆ ನೇತುಹಾಕಿದರು. 1631ರಲ್ಲಿ ಸ್ಯಾಕ್ಸನಿಯ ಸೈನ್ಯ ಊರು ಹಿಡಿಯುವವರೆಗೂ ಅವು ಅಲ್ಲೇ ಒಣಗಿದವು. ಸಂತೆಗೆ ಹೋಗುವವರು, ಪಾಠಕ್ಕೆ ಹೋಗುವ ಹುಡುಗರು ದಿನಾ ಅದರ ಕೆಳಗೇ ಹಾಯಬೇಕು. ಅವುಗಳಲ್ಲೊಂದು ತಲೆ ಯಾನ್ ಯೆಸ್ಸೆನಿಯಸನದು. ವೈದ್ಯ, ವಿಶ್ವವಿದ್ಯಾಲಯದ ರೆಕ್ಟರ್, 1600ರಲ್ಲಿ ಪ್ರಾಗ್‌ನಲ್ಲಿ ಮೊದಲ ಬಾರಿಗೆ ಸಾರ್ವಜನಿಕರೆದುರು ಶವಚ್ಛೇದನ ಮಾಡಿ ತೋರಿಸಿದವನು. ಬಂಡಾಯದ ಪರವಾಗಿ ಚೆನ್ನಾಗಿ ಮಾತಾಡಿದ್ದೇ ಅವನ ಅಪರಾಧ. ಅದಕ್ಕೆ ತಲೆ ಕಡಿಯುವ ಮೊದಲು ನಾಲಿಗೆ ಕತ್ತರಿಸಿದರು.

ಈ ನಾಲಿಗೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಅದೇ ಸೇತುವೆಗೆ ಇನ್ನೊಂದು ನಾಲಿಗೆ ಬರುವುದಿದೆ.

ಗೆದ್ದವರ ಮುಂದಿದ್ದ ಕೆಲಸ ದೊಡ್ಡದು. ಎರಡು ಶತಮಾನ ಯಾನ್ ಹುಸ್‌ನ ನೆರಳಲ್ಲಿ ಬೆಳೆದ ನಾಡು ಅದು. ಚರ್ಚಿನ ಭ್ರಷ್ಟಾಚಾರದ ವಿರುದ್ಧ ಉಪದೇಶ ಮಾಡಿದ್ದಕ್ಕೆ ಅವನನ್ನು 1415ರಲ್ಲಿ ಜೀವಂತ ಸುಟ್ಟಿದ್ದರು. ಸುಟ್ಟಮೇಲೆ ಅವನ ಮಾತು ಇನ್ನೂ ಹಬ್ಬಿತ್ತು. ಬಿಳಿ ಗುಡ್ಡದ ಸೋಲಿನ ನಂತರ ಕ್ಯಾಥೊಲಿಕ್ ಆಗಲೊಪ್ಪದವರು ಊರು ಬಿಟ್ಟರು. ಉಳಿದವರ ಮನಸ್ಸು ತಿರುಗಬೇಕಿತ್ತು. ಅದಕ್ಕೆ ಶಾಲೆ ಬಂತು, ನಾಟಕ ಬಂತು, ಸಂಗೀತ ಬಂತು, ಮೆರವಣಿಗೆ ಬಂತು. ಶಿಲ್ಪವೂ ಬಂತು, ಅದರಲ್ಲೂ ಬರೋಕ್ ಶಿಲ್ಪ. ಸುಮ್ಮನೆ ನಿಲ್ಲುವುದು ಅದಕ್ಕೆ ಗೊತ್ತಿಲ್ಲ. ಬಟ್ಟೆ ಗಾಳಿಗೆ ಹಾರಬೇಕು, ಕೈ ಆಕಾಶಕ್ಕೆ ಚಾಚಬೇಕು, ಕಣ್ಣು ತುಂಬಿ ಬರಬೇಕು, ನೋಡುವವನ ಎದೆ ಒಮ್ಮೆ ನಡುಗಬೇಕು. ರೋಮ್‌ನಲ್ಲಿ ಬರ್ನಿನಿ 1667ರಲ್ಲಿ ಪೋಪನ ಅಪ್ಪಣೆಯಂತೆ ಸಂತ ಆಂಜೆಲೊ ಸೇತುವೆಗೆ ಹತ್ತು ದೇವದೂತರ ಯೋಜನೆ ಹಾಕಿಕೊಟ್ಟಿದ್ದ. ಸೇತುವೆಯ ಮೇಲೂ ಆರಾಧನೆ ಸಾಧ್ಯ ಎಂಬ ಮೇಲ್ಪಂಕ್ತಿ ಅಲ್ಲಿಂದ ಸಿಕ್ಕಿತು.

ಬೇಕಿದ್ದದ್ದು ಒಬ್ಬ ನಾಡಿನ ಸಂತ. ಅವನ ಹೆಸರೂ ಯಾನ್ ಎಂದೇ ಸಿಕ್ಕಿತು.

ನೆಪೋಮುಕ್ ಊರಿನ ಯಾನ್ 14ನೇ ಶತಮಾನದ ಕೊನೆಯಲ್ಲಿ ಪ್ರಾಗ್ ಆರ್ಚ್‌ಬಿಷಪ್ಪರ ಕೈಕೆಳಗಿನ ಹಿರಿಯ ಅಧಿಕಾರಿ. ಒಂದು ಮಠಕ್ಕೆ ಯಾರು ಅಧಿಪತಿಯಾಗಬೇಕೆಂಬ ತಗಾದೆಯಲ್ಲಿ ದೊರೆ ನಾಲ್ಕನೇ ವೆನ್ಸೆಸ್ಲಾಸನ ಇಷ್ಟಕ್ಕೆ ಅಡ್ಡಬಂದ. ದೊರೆ ಚಿತ್ರಹಿಂಸೆ ಕೊಡಿಸಿ, 1393ರ ಮಾರ್ಚ್ 20ರ ರಾತ್ರಿ ಸೇತುವೆಯಿಂದ ಹೊಳೆಗೆ ಎಸೆಸಿದ. ಇದು ದಾಖಲೆಯಲ್ಲಿರುವ ಸಂಗತಿ. ಕಡತ, ಅಧಿಕಾರ, ಹಟ. ಜನಕ್ಕೆ ಇದರಲ್ಲಿ ರುಚಿ ಸಾಲದು. ಕಾಲ ಸರಿದಂತೆ ಕತೆ ಬದಲಾಯಿತು. ಯಾನ್ ರಾಣಿಯ ತಪ್ಪೊಪ್ಪಿಗೆ ಕೇಳುತ್ತಿದ್ದ ಪಾದ್ರಿಯಾದ. ರಾಣಿ ಏನು ಹೇಳಿದಳೆಂದು ದೊರೆ ಕೇಳಿದರೂ ಬಾಯಿ ಬಿಡದೆ ಪ್ರಾಣ ಕೊಟ್ಟ. ಅವನು ಮುಳುಗಿದ ಜಾಗದಲ್ಲಿ ನೀರಿನ ಮೇಲೆ ಐದು ನಕ್ಷತ್ರ ಮಿನುಗಿದವು. 1541ರಲ್ಲಿ ಅಚ್ಚಾದ ಹಾಯೆಕ್‌ನ ಚೆಕ್ ಇತಿಹಾಸಗ್ರಂಥದಲ್ಲಂತೂ ಗೊಂದಲವಾಗಿ ಒಬ್ಬ ಯಾನ್ ಇಬ್ಬರಾಗಿಬಿಟ್ಟ; ಒಬ್ಬನ ಸಾವಿಗೆ 1383 ಎಂಬ ಇಸವಿ ಬಿತ್ತು.

ಆ ತಪ್ಪು ಇಸವಿಯ ಲೆಕ್ಕದಲ್ಲೇ ಮುನ್ನೂರನೇ ವರ್ಷವೆಂದು 1683ರಲ್ಲಿ ಸೇತುವೆಯ ಮೇಲೆ ಅವನ ಕಂಚಿನ ಮೂರ್ತಿ ನಿಂತಿತು. ಹಣ ಕೊಟ್ಟವನು ವುನ್ಶ್‌ವಿಟ್ಸ್ ಮನೆತನದ ಶ್ರೀಮಂತ ಮಥಿಯಾಸ್. ವಿಯೆನ್ನದ ಮಥಿಯಾಸ್ ರೌಖ್‌ಮ್ಯುಲರ್ ಮಣ್ಣಿನಲ್ಲಿ ಚಿಕ್ಕ ಮಾದರಿ ಮಾಡಿದ. ಅದನ್ನು ನೋಡಿ ಯಾನ್ ಬ್ರೊಕಾಫ್ ದೊಡ್ಡ ಮಾದರಿ ತೆಗೆದ. ಎರಕ ಹೊಯ್ದದ್ದು ಜರ್ಮನಿಯ ನ್ಯೂರೆಂಬರ್ಗಿನಲ್ಲಿ. ಆಗಿನ್ನೂ ಚರ್ಚು ಅವನನ್ನು ಸಂತನೆಂದು ಘೋಷಿಸಿರಲಿಲ್ಲ. ಮೂರ್ತಿ ಮೊದಲು ಬಂತು, ಪದವಿ ಆಮೇಲೆ. 1719ರಲ್ಲಿ ಪದವಿಯ ವಿಚಾರಣೆಗಾಗಿ ಸಮಾಧಿ ತೆರೆದಾಗ ತಲೆಬುರುಡೆಯೊಳಗೆ ಕೆಂಪಗಿನ, ಒಣಗಿದ ಒಂದು ಮಾಂಸಖಂಡ ಸಿಕ್ಕಿತು. ಗುಟ್ಟು ಬಿಡದ ನಾಲಿಗೆ ಕೊಳೆತಿಲ್ಲ ಎಂದು ಸಾರಿದರು. 1729ರಲ್ಲಿ ಯಾನ್ ಸಂತನಾದ. ನೂರು ವರ್ಷದ ಹಿಂದೆ ಮಾತಾಡಿದ ನಾಲಿಗೆಯನ್ನು ಕತ್ತರಿಸಿದ್ದ ರಾಜ್ಯ ಈಗ ಮಾತಾಡದ ನಾಲಿಗೆಗೆ ಕೈಮುಗಿಯಿತು. ಪೇಟೆಯ ಆಚೆ ಗುಡ್ಡದ ಮೇಲಿನ ಸಂತ ವೀಟಸ್ ಕ್ಯಾಥೆಡ್ರಲಿನಲ್ಲಿ ಸುಮಾರು ಎರಡು ಟನ್ ಬೆಳ್ಳಿಯ ಸಮಾಧಿಯನ್ನು 1736ರಲ್ಲಿ ಅವನಿಗೆ ಕಟ್ಟಿದರು.

(1973ರಲ್ಲಿ ಮಾನವಶಾಸ್ತ್ರಜ್ಞ ಎಮಾನುಯೆಲ್ ವ್ಲ್ಚೆಕ್ ಆ ಅವಶೇಷಗಳನ್ನು ಪರೀಕ್ಷಿಸಿದರು. ಅದು ನಾಲಿಗೆಯಲ್ಲ, ಮಿದುಳಿನ ಅಂಶ. ಭಕ್ತರಿಗೆ ಇದರಿಂದ ಹೆಚ್ಚಿನ ಧಕ್ಕೆಯೇನೂ ಆದಂತಿಲ್ಲ.)

ಕಂಚಿನ ಯಾನ್ ದಾರಿ ತೋರಿಸಿದ ಮೇಲೆ ಉಳಿದವರು ನುಗ್ಗಿ ಬಂದರು. ಹೆಚ್ಚಿನ ಮೂರ್ತಿಗಳು 1706ರಿಂದ 1714ರೊಳಗೆ, ಎಂಟೇ ವರ್ಷಗಳಲ್ಲಿ ಎದ್ದವು. ಕನ್ನಡ ನಾಡಿನ ಕ್ಯಾಲೆಂಡರಿನಲ್ಲಿ ಇದನ್ನು ಕೂಡಿಸುವುದಾದರೆ, ನೆಪೋಮುಕ್ ಮೂರ್ತಿಯಾದ ಆರು ವರ್ಷಕ್ಕೆ, 1689ರಲ್ಲಿ, ಚಿಕ್ಕದೇವರಾಜ ಒಡೆಯರು ಬೆಂಗಳೂರು ಕೋಟೆಯಲ್ಲಿ ವೆಂಕಟರಮಣನ ಗುಡಿ ಕಟ್ಟಿಸಿದರು. ಸೇತುವೆ ಸಂತರಿಂದ ತುಂಬುತ್ತಿದ್ದ ಎಂಟು ವರ್ಷಗಳು ಮೈಸೂರಿನಲ್ಲಿ ಮೂಕರಸು ಎಂದು ಹೆಸರಾದ ಎರಡನೇ ಕಂಠೀರವನ ಕಾಲ. ಪ್ರಾಗ್‌ನಲ್ಲಿ ಕಂಬಕ್ಕೆರಡರಂತೆ ಜಾಗ ಹಂಚಿಕೆಯಾಗಿ, ಮಠಕ್ಕೊಂದು, ಮನೆತನಕ್ಕೊಂದು ಎಂಬಂತೆ ಪೈಪೋಟಿ ಬಿತ್ತು. ಡೊಮಿನಿಕನ್ನರು ತಮ್ಮ ಡೊಮಿನಿಕನನ್ನೂ ಥಾಮಸ್ ಅಕ್ವೈನಾಸನನ್ನೂ ಮೇರಿಯ ಅಕ್ಕಪಕ್ಕ ನಿಲ್ಲಿಸಿದರು. ಅಗಸ್ಟೀನಿಯನ್ನರು ಅಗಸ್ಟೀನನನ್ನು ತಂದರು. ವಿಶ್ವವಿದ್ಯಾಲಯದ ವೈದ್ಯ ವಿಭಾಗ ವೈದ್ಯಸಂತರಾದ ಕಾಸ್ಮಸ್ ಮತ್ತು ಡೇಮಿಯನ್ನರನ್ನು, ಕಾನೂನು ವಿಭಾಗ ವಕೀಲರ ಸಂತ ಇವೊನನ್ನು ಕೊಟ್ಟಿತು. ಪ್ರತಿ ಪೀಠದಲ್ಲೂ ದಾನಿಯ ಲಾಂಛನ, ಲ್ಯಾಟಿನ್ ಬರಹ. ನಮ್ಮ ಗುಡಿಗಳ ಟ್ಯೂಬ್‌ಲೈಟಿನ ಮೇಲೆ ಬೆಳಕಿಗಿಂತ ದಪ್ಪಕ್ಕೆ ‘ಸೇವಾರ್ಥ’ ಬರೆಸಿದ ಹಾಗೆ.

ಇಷ್ಟು ಅವಸರದಲ್ಲಿ ನಿಂತದ್ದೆಲ್ಲ ದೊಡ್ಡ ಕಲೆ ಅಲ್ಲ. ಕೆಲವು ಸಂತರು ಚೌಕಾಶಿ ಮಾಡಿ ಕೊಂಡಂತೆ ಕಾಣುತ್ತಾರೆ. ಆದರೆ ಇಬ್ಬರು ಹುಡುಗರು ಇಡೀ ಸಾಲನ್ನು ಎತ್ತಿ ನಿಲ್ಲಿಸಿದರು. ಒಬ್ಬ ಯಾನ್ ಬ್ರೊಕಾಫನ ಮಗ ಫರ್ಡಿನಾಂಡ್, 1688ರಲ್ಲಿ ಹುಟ್ಟಿದವನು. ಇನ್ನೊಬ್ಬ ಟಿರೋಲ್ ಬೆಟ್ಟಗಳಿಂದ ಬಂದ ಮಥಿಯಾಸ್ ಬರ್ನಾರ್ಡ್ ಬ್ರೌನ್, 1684ರಲ್ಲಿ ಹುಟ್ಟಿದವನು.

ಬ್ರೌನ್ ಪ್ರಾಗ್‌ಗೆ ಹೊಸಬ. ಪ್ಲಾಸಿ ಮಠದ ಅಧಿಪತಿ ಯೆವ್ಝೆನ್ ಟಿಟ್ಟಲ್ ಅವನನ್ನು ನಂಬಿ ಕೆಲಸ ಕೊಟ್ಟ. 1710ರಲ್ಲಿ ಸಂತ ಲುಯಿಟ್‌ಗಾರ್ಡಾ ಎದ್ದು ನಿಂತಾಗ ಶಿಲ್ಪಿಗೆ ಇಪ್ಪತ್ತಾರು. ಲುಯಿಟ್‌ಗಾರ್ಡಾ 13ನೇ ಶತಮಾನದ ಫ್ಲಾಂಡರ್ಸಿನ ಸಂನ್ಯಾಸಿನಿ. ಕೊನೆಯ ವರ್ಷಗಳಲ್ಲಿ ಅವಳ ಕಣ್ಣು ಹೋಗಿತ್ತು. ಶಿಲ್ಪದಲ್ಲಿ ಅವಳು ಶಿಲುಬೆಯ ಕೆಳಗೆ ಮೊಣಕಾಲೂರಿ ತಡಕಾಡುತ್ತಾ ಮುಖ ಎತ್ತಿದ್ದಾಳೆ. ಶಿಲುಬೆಯ ಮೇಲಿನ ಕ್ರಿಸ್ತ ಒಂದು ಕೈಯನ್ನು ಮೊಳೆಯಿಂದ ಬಿಡಿಸಿಕೊಂಡು, ಕೆಳಗೆ ಬಾಗಿ ಅವಳ ಹೆಗಲನ್ನು ಬಳಸಿದ್ದಾನೆ. ನೋವಿನಲ್ಲಿರುವ ದೇವರೇ ಕುರುಡಿಗೆ ಸಮಾಧಾನ ಹೇಳಲು ಇಳಿದು ಬರುವ ಆ ಬಾಗುವಿಕೆಯಲ್ಲಿ ಭಾರ ಎಲ್ಲಿ ಮುಗಿಯಿತು, ಪ್ರೀತಿ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದು. ಸೇತುವೆಯ ಮೂರ್ತಿಗಳಲ್ಲೆಲ್ಲ ಇದೇ ಶ್ರೇಷ್ಠ ಎಂಬ ಮಾತು ಮೊದಲಿನಿಂದ ಇದೆ. ಆ ಮಾತನ್ನು ತಿರಸ್ಕರಿಸಲು ಕಾರಣ ಸಿಗುವುದಿಲ್ಲ. ಗೆದ್ದವರ ಹಣದಲ್ಲಿ, ಗೆದ್ದವರ ಉದ್ದೇಶಕ್ಕೆ ಹುಟ್ಟಿದ ಶಿಲ್ಪ ಇಲ್ಲಿ ಆ ಉದ್ದೇಶವನ್ನೇ ಮರೆತುಬಿಟ್ಟಿದೆ.

ಬ್ರೊಕಾಫನ ಬಲ ಬೇರೆ. ಅವನಿಗೆ ದೇಹದ ತೂಕ ಗೊತ್ತಿತ್ತು. ಯಾರು ಹೊರುತ್ತಾರೆ, ಯಾರು ಹೊರಿಸುತ್ತಾರೆ ಎಂಬುದೂ. 1714ರ ಅವನ ದೊಡ್ಡ ಗುಂಪಿನಲ್ಲಿ ಮೂವರು ಸಂತರಿದ್ದಾರೆ: ಮಾಥಾದ ಜಾನ್, ವಾಲ್ವಾದ ಫೆಲಿಕ್ಸ್, ಇವಾನ್. ಮೊದಲಿಬ್ಬರು ಮುಸ್ಲಿಮರ ಕೈಗೆ ಸೆರೆಸಿಕ್ಕ ಕ್ರೈಸ್ತರನ್ನು ಹಣ ಕೊಟ್ಟು ಬಿಡಿಸುವ ಸಂಘವನ್ನು ಸ್ಥಾಪಿಸಿದವರು. ನೆಪೋಮುಕ್ ಮೂರ್ತಿ ನಿಂತ 1683ರಲ್ಲೇ ತುರ್ಕರ ಸೇನೆ ವಿಯೆನ್ನವನ್ನು ಮುತ್ತಿತ್ತು. ಆ ದಿಗಿಲು ಮುಂದಿನ ತಲೆಮಾರಿಗೂ ಇಳಿದಿತ್ತು. ಕೆಳಗೆ ಕಬ್ಬಿಣದ ಸರಳಿನ ಗವಿಯಲ್ಲಿ ಸೆರೆಯಾಳುಗಳು ಮೊರೆಯಿಡುತ್ತಿದ್ದಾರೆ. ಪಕ್ಕದಲ್ಲಿ ರುಮಾಲು ಸುತ್ತಿದ, ಕತ್ತಿ ಕಟ್ಟಿದ, ಬೊಜ್ಜು ಹೊಟ್ಟೆಯ ತುರ್ಕ ಕಾವಲುಗಾರ ಒರಗಿ ನಿಂತಿದ್ದಾನೆ. ಕಾವಲು ಕಾಯ್ದು ಅವನಿಗೇ ಬೇಸರ ಬಂದಂತಿದೆ. ಮೂವರು ಸಂತರ ಹೆಸರು ಬಾಯಿಗೆ ಬರದ ಪ್ರಾಗ್‌ನ ಮಕ್ಕಳಿಗೂ ‘ಪ್ರಾಗಿನ ತುರ್ಕ’ ಗೊತ್ತು. ಖಳನಾಗಲೆಂದು ಕಡೆದವನು ಊರಿನವನೇ ಆಗಿಬಿಟ್ಟ. ಫರ್ಡಿನಾಂಡ್ ಮಾತ್ರ ಬಹಳ ಕಾಲ ಬಾಳಲಿಲ್ಲ. ಕ್ಷಯ ಹಿಡಿದು 1731ರಲ್ಲಿ ಸತ್ತ.

ಈ ಸಾಲಿನಲ್ಲಿ ತಲೆ ತಗ್ಗಿಸಬೇಕಾದ ಒಂದು ಜಾಗವಿದೆ. ಸೇತುವೆಯ ಅತಿ ಹಳೆಯ ಸ್ಥಾನ, ಶಿಲುಬೆಯದು. ಅದರ ಕ್ರಿಸ್ತನ ಸುತ್ತ ಬಂಗಾರದ ಹೀಬ್ರೂ ಅಕ್ಷರಗಳು ಹೊಳೆಯುತ್ತವೆ. ಅವು ಸೇನಾಧೀಶ್ವರನಾದ ದೇವರನ್ನು ಪವಿತ್ರ ಎಂದು ಮೂರು ಸಲ ಕೊಂಡಾಡುವ ಯಹೂದಿ ಪ್ರಾರ್ಥನೆಯ ಮಾತುಗಳು. 1696ರಲ್ಲಿ ಪ್ರಾಗ್‌ನ ಯಹೂದಿ ಮುಖಂಡ ಎಲಿಯಾಸ್ ಬಾಕೋಫೆನ್ ಮೇಲೆ ದೇವನಿಂದೆಯ ಆರೋಪ ಹೊರಿಸಿ, ಆ ಅಕ್ಷರಗಳ ಖರ್ಚನ್ನು ದಂಡವಾಗಿ ಅವನಿಂದ ವಸೂಲು ಮಾಡಿದರು. ತನ್ನ ದೇವರನ್ನು ಸ್ತುತಿಸುವ ಮಾತನ್ನು ತನ್ನದಲ್ಲದ ದೇವರ ಕೊರಳಿಗೆ ಹಾಕಿಸುವ ಶಿಕ್ಷೆ. ಅವಮಾನಕ್ಕೆ ಇಷ್ಟು ಬುದ್ಧಿ ಖರ್ಚುಮಾಡಿದ ಉದಾಹರಣೆ ಕಡಿಮೆ. 2000ನೇ ಇಸವಿಯಲ್ಲಿ, ಯಹೂದಿ ಗುರುಗಳ ಒತ್ತಾಯದ ಮೇಲೆ, ಇದರ ಹಿನ್ನೆಲೆ ತಿಳಿಸುವ ಕಂಚಿನ ಫಲಕಗಳನ್ನು ಅಲ್ಲೇ ಹಾಕಿದರು. ಅಕ್ಷರಗಳನ್ನು ಕಿತ್ತುಹಾಕದೆ, ಪಕ್ಕದಲ್ಲಿ ಅವುಗಳ ಕತೆಯನ್ನು ಬರೆದರು. ಇದು ಒಳ್ಳೆಯ ಕೆಲಸ.

1773ರಲ್ಲಿ ಪೋಪ್ ಜೆಸ್ಯುಟ್ ಸಂಘವನ್ನೇ ವಿಸರ್ಜಿಸಿದ. ಮೈಸೂರು ಮಿಷನ್ನು ಪ್ಯಾರಿಸ್ಸಿನ ಪಾದ್ರಿಗಳ ಕೈಗೆ ಹೋಯಿತು. ಕ್ಲೆಮೆಂಟಿನಮ್ ಸರ್ಕಾರದ ಪಾಲಾಯಿತು. ಸಂಘ 1814ರಲ್ಲಿ ಮರುಹುಟ್ಟು ಪಡೆಯಿತಾದರೂ ಹಳೆಯ ದರ್ಬಾರು ಮರಳಲಿಲ್ಲ. 19ನೇ ಶತಮಾನದಲ್ಲಿ ಚೆಕ್ ಭಾಷೆ, ಚೆಕ್ ಚರಿತ್ರೆ ತಲೆ ಎತ್ತಿದಾಗ ಸೇತುವೆಯ ಸಂತರ ಮೇಲೆ ಬೇರೆ ಬೆಳಕು ಬಿತ್ತು. ಬಿಳಿ ಗುಡ್ಡದ ನಂತರದ ಕಾಲವನ್ನು ‘ಕತ್ತಲ ಯುಗ’ ಎಂದು ಕರೆಯುವುದು ರೂಢಿಗೆ ಬಂತು. ಯಾನ್ ಹುಸ್‌ನನ್ನು ಮರೆಸಲಿಕ್ಕೆಂದೇ ಇನ್ನೊಬ್ಬ ಯಾನ್‌ನನ್ನು ಸೃಷ್ಟಿಸಿದರು ಎಂಬ ವಾದ ಹಬ್ಬಿತು. ಅದರಲ್ಲಿ ಅತಿಶಯ ಇತ್ತು. ನೆಪೋಮುಕ್ ಸತ್ತದ್ದಂತೂ ನಿಜ, ಅವನ ಮೇಲಿನ ಭಕ್ತಿಯೂ ಜೆಸ್ಯುಟರಿಗಿಂತ ಹಳೆಯದು. ಆದರೆ ವಾದ ಪೂರ್ತಿ ಸುಳ್ಳೂ ಅಲ್ಲ. ಗೆದ್ದವರು ಅವನನ್ನು ಹುಟ್ಟಿಸಲಿಲ್ಲ, ಅವನಿಗೆ ಜಾಗ ಕೊಟ್ಟರು. ಊರಿನ ನಟ್ಟನಡುವಿನ, ಎಲ್ಲರೂ ಹಾಯಲೇಬೇಕಾದ ಜಾಗ.

ನೆರೆಯ ನಂತರದ ತೀರ್ಮಾನ ಬಂದದ್ದು ಇಂಥ ಹವೆಯಲ್ಲಿ. ಸೇತುವೆ 1892ರಲ್ಲಿ ದುರಸ್ತಿಯಾಯಿತು. ಮುಳುಗಿದ ಇಬ್ಬರಲ್ಲಿ ಝೇವಿಯರ್ ಮರಳಿದ. ಚೆನ್ಯೆಕ್ ವೋಸ್ಮೀಕ್ ಮಾಡಿದ ಪ್ರತಿಕೃತಿ 1913ರಲ್ಲಿ ಹಳೆಯ ಜಾಗ ಸೇರಿತು. ಅವನ ಕೆಳಗೆ ಭಾರ ಹೊರುವವರೂ ಮರಳಿದರು. ಇಗ್ನೇಷಿಯಸ್ ಮರಳಲಿಲ್ಲ. ಅವನ ಪೀಠ ದಶಕಗಟ್ಟಲೆ ಖಾಲಿ ಉಳಿದು, 1938ರಲ್ಲಿ ಕಾರೆಲ್ ದ್ವೊರ್ಝಾಕ್ ಎಂಬ ಶಿಲ್ಪಿಯ ಸಿರಿಲ್ ಮತ್ತು ಮೆಥೋಡಿಯಸ್ ಮೂರ್ತಿಗಳಿಗೆ ಹೋಯಿತು. 9ನೇ ಶತಮಾನದಲ್ಲಿ ಸ್ಲಾವ್ ಜನಕ್ಕೆ ಅವರದೇ ಮಾತಿನಲ್ಲಿ ಧರ್ಮ ಹೇಳಿ, ಲಿಪಿ ಕೊಟ್ಟ ಅಣ್ಣತಮ್ಮಂದಿರು ಅವರು. ಸಂತರೂ ಹೌದು, ಚೆಕ್ ಅಭಿಮಾನಕ್ಕೂ ಒಪ್ಪಿಗೆ. ಸೇತುವೆಗೆ ಕೊನೆಯದಾಗಿ ಬಂದ ಮೂರ್ತಿಗಳು ಇವೇ. ಅದೇ ವರ್ಷ ಮ್ಯೂನಿಕ್ ಒಪ್ಪಂದ ಚೆಕೊಸ್ಲೊವಾಕಿಯವನ್ನು ಹರಿದು ಹಾಕಿತು.

ಅದಕ್ಕೆ ಇಪ್ಪತ್ತು ವರ್ಷ ಮೊದಲು, ಸ್ವತಂತ್ರ ಗಣರಾಜ್ಯ ಹುಟ್ಟಿ ವಾರವಾಗುವುದರೊಳಗೆ, 1918ರ ನವೆಂಬರ್ 3ರಂದು, ಒಂದು ಗುಂಪು ಹಳೇ ಪೇಟೆಯ ಚೌಕದಲ್ಲಿದ್ದ ಮೇರಿಯ ಬರೋಕ್ ಸ್ತಂಭವನ್ನು ಹಗ್ಗ ಕಟ್ಟಿ ಕೆಡವಿತ್ತು. ಸೇತುವೆಯ ನೆಪೋಮುಕ್‌ನನ್ನೂ ಹೊಳೆಗೆ ನೂಕುವ ಕೂಗು ಎದ್ದು, ಅಲ್ಲಿಗೇ ನಿಂತಿತು. ಒಮ್ಮೆ ಹೊಳೆಗೆ ಬಿದ್ದವನು ಎರಡನೇ ಸಲ ಪಾರಾದ. ಕೆಡವಿದ ಸ್ತಂಭದ ಪ್ರತಿಕೃತಿ ಚೌಕಕ್ಕೆ ಮರಳಿದ್ದು 2020ರಲ್ಲಿ, ಅದೂ ನಗರಸಭೆಯಲ್ಲಿ ಬಿಸಿ ಬಿಸಿ ಚರ್ಚೆ ನಡೆದು, ಪರ ವಿರೋಧ ಮತ ಎಣಿಸಿದ ಮೇಲೆ. ನಾನೂರು ವರ್ಷದ ಹಿಂದಿನ ಯುದ್ಧ ಅಲ್ಲಿ ಇನ್ನೂ ಪೂರ್ತಿ ಮುಗಿದಿಲ್ಲ.

ಸೇತುವೆಗೆ ಆಧುನಿಕ ಕಾಲದಲ್ಲಿ ಬಂದ ಕಷ್ಟ ಮಾತ್ರ ಧರ್ಮದ್ದಲ್ಲ. 1883ರಿಂದ ಕುದುರೆ ಟ್ರ್ಯಾಮ್, 1905ರಿಂದ 1908ರವರೆಗೆ ವಿದ್ಯುತ್ ಟ್ರ್ಯಾಮ್, ಆಮೇಲೆ ಬಸ್ಸು, ಕಾರು ಎಲ್ಲವೂ ಈ ಹತ್ತು ಮೀಟರ್ ಅಗಲದಲ್ಲೇ ಓಡಿದವು. ವಾಹನಗಳಿಗೆ ಬಾಗಿಲು ಹಾಕಿದ್ದು 1965ರಲ್ಲಿ. ಕಲ್ಲಿದ್ದಲ ಹೊಗೆಯ ಗಂಧಕ ಮಳೆನೀರಿಗೆ ಸೇರಿ ಮರಳುಗಲ್ಲಿನ ಮೇಲೆ ಕಪ್ಪು ಹೊರ್ಪದರ ಕಟ್ಟಿತು. ಹೊರಗೆ ಗಟ್ಟಿ, ಒಳಗೆ ಪುಡಿ. ಪದರ ಉದುರಿದಾಗ ಮೂಗು, ಬೆರಳು, ಬಟ್ಟೆಯ ಮಡಿಕೆಗಳೂ ಜೊತೆಗೇ ಉದುರಿದವು. ಅದಕ್ಕೇ ಒಂದೊಂದಾಗಿ ಮೂಲ ಮೂರ್ತಿಗಳನ್ನು ಇಳಿಸಿ ಪ್ರತಿಕೃತಿಗಳನ್ನು ನಿಲ್ಲಿಸುತ್ತಿದ್ದಾರೆ. ಬ್ರೌನನ ಲುಯಿಟ್‌ಗಾರ್ಡಾ 1995ರಲ್ಲಿ ಇಳಿದಳು. ಮೂಲಗಳು ರಾಷ್ಟ್ರೀಯ ಮ್ಯೂಸಿಯಮ್ಮಿನ ಲ್ಯಾಪಿಡೇರಿಯಂ ಎಂಬ ಕಲ್ಲುಶಾಲೆಯಲ್ಲಿ, ಕೆಲವು ವೈಶೆಹ್ರಾಡ್ ಕೋಟೆಯ ನೆಲಮಾಳಿಗೆಯಲ್ಲಿ ಇವೆ. 1890ರಲ್ಲಿ ಮುಳುಗಿ, ಹೊಳೆಯಿಂದ ಎತ್ತಿದ ಬ್ರೊಕಾಫನ ತುಂಡುಗಳೂ ಲ್ಯಾಪಿಡೇರಿಯಮ್ಮಿನಲ್ಲೇ ಸಿಗುತ್ತವೆ.

ದಕ್ಷಿಣ ಬೆಂಗಳೂರಿನಿಂದ ಹೋದ ಕಣ್ಣಿಗೆ ಇದು ಕೊಂಚ ಅತಿ ಎನಿಸಬಹುದು. ಬನಶಂಕರಿ, ಜಯನಗರಗಳ ಗೋಪುರಗಳಲ್ಲಿ ಗಾರೆಯ ಗೊಂಬೆಗಳು ಕುಂಭಾಭಿಷೇಕ ಬಂದಾಗಲೆಲ್ಲ ಹೊಸ ಮೂಗು, ಹೊಸ ಬಣ್ಣ ಪಡೆಯುತ್ತವೆ; ಹಳೆಯದು ಯಾವುದು, ಹೊಸದು ಯಾವುದು ಎಂದು ಭಕ್ತರು ಕೇಳುವುದಿಲ್ಲ. ದೇವರು ಇದ್ದರೆ ಸಾಕು, ಗಾರೆ ಬದಲಾಗಲಿ. ಪ್ರಾಗ್‌ನಲ್ಲಿ ಕಲ್ಲಿಗೇ ಬೆಲೆ. ಶಿಲ್ಪಿಯ ಉಳಿಯ ಗುರುತು ಹೋಗಬಾರದು, ಆದ್ದರಿಂದ ಅದು ಒಳಗಿರಲಿ, ಮಳೆಗೆ ಪ್ರತಿಕೃತಿ ನಿಲ್ಲಲಿ. ಎರಡರಲ್ಲೂ ನ್ಯಾಯವಿದೆ. ಆದರೆ ಪ್ರಾಗ್‌ಗೆ ಹೋದವರು ಸೇತುವೆಯ ಮೇಲೆ ಫೋಟೊ ತೆಗೆದುಕೊಂಡು ಲ್ಯಾಪಿಡೇರಿಯಂ ಬಿಟ್ಟು ಬರಬಾರದು. ಪ್ರಾಗ್, ವಿಯೆನ್ನ, ಬುಡಾಪೆಸ್ಟ್ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟುವ ಟೂರ್ ಪ್ಯಾಕೇಜುಗಳಲ್ಲಿ ಅದಕ್ಕೆ ಸಮಯ ಇಟ್ಟಿರುವುದಿಲ್ಲ, ಕೇಳಿ ಇಡಿಸಿಕೊಳ್ಳಬೇಕು.

ಪ್ಯಾಕೇಜಿನಲ್ಲಿ ತಪ್ಪದೆ ಇರುವುದು ನೆಪೋಮುಕ್ ಮೂರ್ತಿ. ಅವನ ಪೀಠದಲ್ಲಿ ಎರಡು ಕಂಚಿನ ಉಬ್ಬುಚಿತ್ರಗಳಿವೆ. ಒಂದರಲ್ಲಿ ಅವನನ್ನು ಸೇತುವೆಯಿಂದ ಎಸೆಯುತ್ತಿದ್ದಾರೆ. ಅದನ್ನು ಮುಟ್ಟಿದರೆ ಅದೃಷ್ಟ, ಪ್ರಾಗ್‌ಗೆ ಮರಳಿ ಬರುವ ಯೋಗ ಎನ್ನುತ್ತಾರೆ. ಇನ್ನೊಂದರಲ್ಲಿ ಒಬ್ಬ ಸೈನಿಕ ನಾಯಿಯೊಂದನ್ನು ನೇವರಿಸುತ್ತಿದ್ದಾನೆ. ಅದಕ್ಕೆ ಯಾವ ಹಳೆಯ ಹರಕೆಯೂ ಇಲ್ಲ. ಆದರೂ ಯಾರೋ ಮುಟ್ಟಿದ್ದನ್ನು ನೋಡಿ ಇನ್ಯಾರೋ ಮುಟ್ಟಿ, ಇವತ್ತು ನಾಯಿಯೂ ಸಂತನಷ್ಟೇ ಥಳಥಳಿಸುತ್ತದೆ. ಅವನನ್ನು ನಿಜವಾಗಿ ಎಸೆದರೆನ್ನುವ ಜಾಗ ಅಲ್ಲಿಂದ ಕೆಲವೇ ಹೆಜ್ಜೆ ದೂರದ ಕಟಾಂಜನದ ಮೇಲಿದೆ. ಐದು ನಕ್ಷತ್ರದ ಒಂದು ಚಿಕ್ಕ ಲೋಹದ ಶಿಲುಬೆ ಅದರ ಗುರುತು. ಅದರ ಮುಂದೆ ಸಾಲು ಅಷ್ಟೇನೂ ಇರುವುದಿಲ್ಲ.